ಕಟ್ಟದೆ ಬಿಟ್ಟ ಪಟ್ಟಿ

ಮೊನ್ನೆ ಮಗಳ ದೋಣಿ ಕ್ಲಾಸಿನಲ್ಲಿ ಕೊಟ್ಟ ಲೈಫ್ ಜಾಕೆಟ್ ಕೈಗೆ ತಗೊಂಡೆ. ರಬ್ಬರು, ಪಾಚಿ, ಸರಿಯಾಗಿ ಒಣಗದ ಬಟ್ಟೆಯ ವಾಸನೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿದ್ದಾಗಿನ ಮೇಲಿನ ಮನೆ ಅಜ್ಜಿ ನೆನಪಾದರು.

ಮದುವೆಯಾಗಿ ಬಂದ ಹೊಸತು. ಅಜ್ಜಿಗೆ ಊರಾಚೆಯ ಕೆರೆಯಲ್ಲಿ ಒಂದು ಪುಟ್ಟ ದೋಣಿ ಇತ್ತು. ಯುಗಾದಿ ದಿನ ನಮ್ಮನೆಯಲ್ಲಿ ಒಬ್ಬಟ್ಟು ತಿಂದು ಖುಷಿಯಾಗಿ, ನನ್ನನ್ನೂ ನಮ್ಮ ಯಜಮಾನರನ್ನೂ ಅವರ ಇಬ್ಬರು ಆಫೀಸ್ ಗೆಳೆಯರನ್ನೂ ಅಲ್ಲಿಗೆ ಕರಕೊಂಡು ಹೋದರು. ಒಳ್ಳೆ ಬಿಸಿಲು. ನಾನು ಉಟ್ಟ ರೇಷ್ಮೆ ಸೀರೆ ಬದಲಾಯಿಸಲಿಲ್ಲ. ಅಮ್ಮನಿಗೆ ಫೋಟೋ ಕಳಿಸಬೇಕಿತ್ತಲ್ಲ.

"ಬಿಸಿಲು ನೋಡಿ ಮೋಸ ಹೋಗಬೇಡ, ನೀರಿನ್ನೂ ಚಳಿಗಾಲದ್ದೇ" ಅಂತ ಅಜ್ಜಿ ಜರ್ಮನ್‌ನಲ್ಲಿ ಹೇಳಿ ಜಾಕೆಟ್ ತೊಡಿಸಿದರು. ಅದಕ್ಕೊಂದು ಪಟ್ಟಿ, ಕಾಲುಗಳ ನಡುವಿನಿಂದ ತಂದು ಮುಂದೆ ಸಿಕ್ಕಿಸಬೇಕು. ಮೂವರು ಗಂಡಸರ ಮುಂದೆ ಸೀರೆ ಎತ್ತೋದುಂಟೇ? ಪಟ್ಟಿಯನ್ನ ಸೆರಗಿನಡಿ ಬಚ್ಚಿಟ್ಟೆ. "ಕಟ್ಟಿದೆಯಾ?" ಅಂದರು. ಹ್ಞೂಂ ಅಂದುಬಿಟ್ಟೆ.

ದೋಣಿಯಲ್ಲಿ ನಾವಿಬ್ಬರೇ. ಕಟ್ಟೆ ಬಿಟ್ಟು ಇನ್ನೂ ದೂರ ಹೋಗಿರಲಿಲ್ಲ. ದಡದಿಂದ ಇವರು ಫೋನ್ ಎತ್ತಿ ಹಿಡಿದರು, ನಾನು ಪೋಸ್ ಕೊಡೋಕೆ ಎದ್ದು ನಿಂತೆ, ನೆರಿಗೆ ಕಾಲಿಗೆ ಸಿಕ್ಕಿತು.

ಆ ನೀರು... ಕೂಗೋಕೆ ಹೋದರೆ ಉಸಿರೇ ಸಿಗಲಿಲ್ಲ. ಜಾಕೆಟ್ ಮೇಲೆದ್ದು ಮುಖ ಮುಚ್ಚಿತು. ಅಜ್ಜಿ ಹಿಡಿದು ಎಳೆದರೆ ಜಾಕೆಟ್ ಅವರ ಕೈಗೆ ಬಂತು, ನಾನು ಬರಲಿಲ್ಲ. ಕೊನೆಗೆ ಜಡೆ ಹಿಡಿದುಕೊಂಡು, ಒಂದೇ ಕೈಯಲ್ಲಿ ಹೇಗೆ ಹುಟ್ಟು ಹಾಕಿದರೋ, ಕಟ್ಟೆ ಮುಟ್ಟಿಸಿದರು. ಗಂಡಸರು ಮೇಲೆತ್ತಿದರು.

"ಎಲ್ಲರೂ ಆ ಕಡೆ ತಿರುಗಿ" ಅಂತ ಗದರಿ, ಅಜ್ಜಿ ಅಲ್ಲೇ ನನ್ನ ಸೀರೆ, ರವಿಕೆ ಎಲ್ಲಾ ಬಿಚ್ಚಿ ಹಾಕಿದರು. ತಮ್ಮ ಸ್ವೆಟರ್, ತಮ್ಮ ಪ್ಯಾಂಟು ನನಗೆ ತೊಡಿಸಿ, ತಾವು ಒಳಬಟ್ಟೆಯಲ್ಲೇ ನಡುಗುತ್ತಾ ನನ್ನನ್ನ ಅವುಚಿಕೊಂಡು ಕೂತರು. ನಾನೋ, "ಎಲ್ಲರೆದುರು ಯಾಕೆ ಬಿಚ್ಚಿದಿರಿ?" ಅಂತ ಅತ್ತೆ.

"ಬಿಚ್ಚದಿದ್ದರೆ ಅಳೋಕೂ ಆಗ್ತಿರಲಿಲ್ಲ ನಿನಗೆ" ಅಂದರು.

ಆಮೇಲೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಸಾಕು, ಅವರು ಇಳಿದು ಹೋಗೋವರೆಗೆ ಕಸದ ಚೀಲ ಹಿಡಿದು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಬೆತ್ತಲೆ ಕಂಡವರ ಮುಖ ಹೇಗೆ ನೋಡೋದು... ಅವರೂ ಒಂದೆರಡು ಸಲ ಬೆಲ್ ಮಾಡಿ ಸುಮ್ಮನಾದರು. ಸ್ಟುಟ್‌ಗಾರ್ಟ್‌ಗೆ ಮನೆ ಬದಲಿಸಿದ ದಿನವೂ ನಾನು ಮೇಲೆ ಹತ್ತಲಿಲ್ಲ. ಅವರು ತೀರಿಕೊಂಡದ್ದು ತಿಂಗಳುಗಳ ಮೇಲೆ ಆ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಾಯಿಂದ ಗೊತ್ತಾಯಿತು. ಸ್ವೆಟರ್ ಇನ್ನೂ ನನ್ನ ಬೀರುವಿನಲ್ಲೇ ಇದೆ. ಥೂ, ನನ್ನ ನಾಚಿಕೆಗಿಷ್ಟು.

ಮೊನ್ನೆ ಮಗಳಿಗೆ ಆ ಪಟ್ಟಿ ಸಿಕ್ಕಿಸೋಕೆ ಬಗ್ಗಿದರೆ, "ಅಮ್ಮಾ, ಪೈನ್‌ಲಿಶ್, ನಾಚಿಕೆ ಆಗುತ್ತೆ, ಎಲ್ಲರೂ ನೋಡ್ತಿದಾರೆ" ಅಂತ ಮುಖ ಕೆಂಪು ಮಾಡಿಕೊಂಡು ಕೊಸರಾಡಿದಳು.

"ನೋಡಲಿ" ಅಂದೆ. ಸಿಕ್ಕಿಸಿ, ಬಿಗಿ ಮಾಡಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿದೆ. ಜಾಕೆಟ್ ಜೊತೆಗೆ ಮಗಳೂ ಬಂದಳು. ಅದನ್ನ ಹೋಗಿ ಹೇಳೋಕೆ ಈಗ ಅಜ್ಜಿ ಇಲ್ಲ.