ಕತ್ತಿನವರೆಗೆ ಪೆಟ್ರೋಲು

ನನ್ನ ಗಂಡನಿಗೆ ಟ್ಯಾಂಕು ತುಂಬಿತೆಂದರೆ ಪೆಟ್ರೋಲು ಕಣ್ಣಿಗೆ ಕಾಣಬೇಕು. ಬಂಕಿನ ಪೈಪು ಟಕ್ ಎಂದು ತಾನೇ ನಿಂತರೂ ಬಿಡುವವರಲ್ಲ. ಕಾರಿನ ಹಿಂಭಾಗ ಹಿಡಿದು ಅಲ್ಲಾಡಿಸಿ, ಗುಳ್ಳೆ ಇಳಿಸಿ, ಮತ್ತೆ ಹಾಕಿಸುತ್ತಾರೆ. ಮಗಳ ಮನೆಗೆ ಹೊರಟರಂತೂ ಮುಗಿದೇ ಹೋಯಿತು. ಮಡಿಲಕ್ಕಿ ಕಡಿಮೆಯಾಗಬಾರದು, ಸರಿ. ಟ್ಯಾಂಕಿಗೂ ಅದೇ ಶಾಸ್ತ್ರವಂತೆ!

ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಹೆರಿಗೆಗೆಂದು ಮದ್ದೂರಿನ ನಮ್ಮ ಮನೆಗೆ ಕರೆತರಲು ಹೋದರೆ, ಕಾರಿನೊಳಗೆ ಒಂದು ಕಾಲಿಟ್ಟವಳೇ ಹಿಂದೆ ಸರಿದು ವಾಂತಿ ಮಾಡಿಕೊಂಡಳು. ಒಳಗೆಲ್ಲ ಪೆಟ್ರೋಲಿನ ಘಾಟು. ನಮ್ಮ ಮೂಗಿಗೆ ಅದು ಒಗ್ಗಿಹೋಗಿತ್ತು.

"ಈ ವಾಸ್ನೇಲಿ ಬಸುರೀನ ಕಳ್ಸಕ್ಕಾದದಾ ಬೀಗ್ರೆ? ಎರ್ಗೆ ಇಲ್ಲೇ ಆಗ್ಲಿ ಬುಡಿ," ಎಂದರು ಅವಳ ಅತ್ತೆ. ಮಗಳನ್ನು ಅಲ್ಲೇ ಬಿಟ್ಟು ವಾಪಸಾದೆವು. ಚೊಚ್ಚಲ ಹೆರಿಗೆಯೂ ತವರಿನಲ್ಲಾಗದಿದ್ದರೆ ನಾನು ತಾಯಿ ಅಂತ ಯಾಕಿರಬೇಕು?

ನಮ್ಮೂರಿನ ಮೆಕ್ಯಾನಿಕ್ ಮೊದಲು ಟ್ಯಾಂಕಿನ ಮುಚ್ಚಳ ಬದಲಿಸಿದ, ಆಮೇಲೆ ಪೈಪು. ಘಾಟು ಹೋಗಲಿಲ್ಲ. ಕೊನೆಗೆ ಕಾರಿನಡಿಯಿಂದ ಒಂದು ಕಪ್ಪು ಡಬ್ಬಿ ಬಿಚ್ಚಿ ತೋರಿಸಿದ. ಟ್ಯಾಂಕಿನ ಆವಿಯನ್ನು ಹಿಡಿದಿಡುವುದು ಅದರೊಳಗಿನ ಇದ್ದಿಲಂತೆ.

"ಟ್ಯಾಂಕಿನ್ ಕುತ್ಗೆಗಂಟ ಉಯ್ಸವ್ರೆ ಕಣಮ್ಮ. ಆವಿ ಬರೋ ಕಡೆ ಪೆಟ್ರೋಲೇ ನುಗ್ಗಿ ಇದ್ಲೆಲ್ಲ ಕೆಟ್ಟೋಗದೆ. ಟಕ್ ಅಂದ್ಮೇಲೆ ಒಂದ್ ತೊಟ್ಟೂ ಬ್ಯಾಡ."

ಹೊಸ ಡಬ್ಬಿ ಮದ್ದೂರಿನಲ್ಲಿ ಸಿಗಲಿಲ್ಲ. ಮಂಡ್ಯದ ಅಂಗಡಿಯವನು ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಅಲೆದಾಡಿಸಿದ. ಅಂತೂ ಬಂತು, ಹಾಕಿಸಿದೆವು. ಕಾರಿನೊಳಗಿನ ಘಾಟು ಹೋದದ್ದು ಖಾತ್ರಿಯಾದ ಮೇಲೆ ಬೀಗರಿಗೆ ಫೋನು ಮಾಡಿದೆ.

ಹೊರಟ ದಿನ ಬಂಕಿನಲ್ಲಿ ಪೈಪು ಟಕ್ ಎಂದಿತು. ಇವರು ಕಾರು ಅಲ್ಲಾಡಿಸತೊಡಗಿದರು. ನಾನು ಕಿಟಕಿಯಿಂದ ಕಿರುಚಿದೆ.

"ಸುಮ್ಕಿರು ನೀನು. ಮಗಳ್ನ ಕರ್ಕಬರಕ್ಕೆ ಅರೆಬರೆ ತುಂಬುಸ್ಕೊಂಡು ಓಯ್ತಾರಾ? ಇನ್ನೊಂಚೂರು ಬುಡಪ್ಪ."

ತುಂಬಿ ಚೆಲ್ಲಿ ಅವರ ಅಂಗಿಯೂ ನೆನೆಯಿತು. ಮಳವಳ್ಳಿ ತಲುಪುವಷ್ಟರಲ್ಲಿ ನನಗೇ ತಲೆ ಸುತ್ತುತ್ತಿತ್ತು. ಅತ್ತೆ ಬಾಯಿ ತೆರೆಯುವ ಮೊದಲೇ ಮಗಳು ನನ್ನ ಕೈ ಹಿಡಿದು, "ಬಸ್ಸಲ್ಲಿ ಓಗಣ ನಡಿಯವ್ವ," ಎಂದಳು.

ನಾವಿಬ್ಬರೂ ಬಸ್ಸು ಹತ್ತಿದೆವು. ಇವರು ಖಾಲಿ ಕಾರಿನಲ್ಲಿ ಹಿಂದೆಯೇ ಬಂದರು. ಬಸ್ಸು ನಿಂತಲ್ಲೆಲ್ಲ ತಾವೂ ನಿಲ್ಲಿಸುತ್ತಿದ್ದರು. ಮನೆಗೆ ಹೋಗಿ ಏನೇನು ಬೈಯಬೇಕೆಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಮದ್ದೂರಿನಲ್ಲಿ ಇಳಿದಾಗ ಚೀಲ ತೆಗೆದುಕೊಳ್ಳಲು ಓಡಿ ಬಂದರು. ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಪ್ಪನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಅವರು ಚಾಚಿದ ಕೈಯನ್ನು ಎಳೆದುಕೊಂಡು ದೂರ ಹೋಗಿ ನಿಂತರು. ಜೋಡಿಸಿಟ್ಟ ಬೈಗುಳವನ್ನೆಲ್ಲ ಬಿಟ್ಟು, ಚೀಲವನ್ನು ಅವರು ನಿಂತಲ್ಲಿಗೇ ಒಯ್ದು ಕೊಟ್ಟೆ.