ಹುರಿದ ಅಣಬೆಯ ವಾಸನೆ

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ಸೊಸೆಗೆ ಎಂಟು ತಿಂಗಳು ತುಂಬಿತ್ತು; ಮೂಗೂರಿನಿಂದ ನಂಜನಗೂಡಿಗೆ ಬಂದಿದ್ದೆ. ಮಗ ಕಾರ್ಖಾನೆ ಕೆಲಸದವನು. ಬಾಡಿಗೆ ಮನೆ ಆಸ್ಪತ್ರೆಗೆ ಹತ್ತಿರ, ನೋವು ಬಂದರೆ ನಡೆದೇ ಹೋಗಬಹುದು. ಮೀನು, ಬಾಡು ಬೇಯಿಸಿದರೆ ಖಾಲಿ ಮಾಡಬೇಕು ಎಂದು ಮೊದಲೇ ಮಾತಾಗಿತ್ತು. ಮನೆ ಒಡತಿ ಮಹಡಿ ಮೇಲಿದ್ದಳು. ಮಾಂಸ ಮುಟ್ಟದ ಮನೆತನದವಳು.

ಸೊಸೆ ನಾಲ್ಕು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಒಣಮೀನಿನ ಸಾರು ಉಂಡು ಬೆಳೆದ ನಾಲಿಗೆ. ಬೇಳೆಸಾರು ಅದಕ್ಕೆ ಬಿಸಿನೀರು. ನಾನು ಊರಿನಿಂದ ಒಣಗಿಸಿದ ಅಣಬೆ ತಂದಿದ್ದೆ. ಹುತ್ತದ ಮೇಲೆ ಏಳುವಂಥವು. ಎಣ್ಣೆ ಹಾಕದೆ ಕಂದುಬಣ್ಣ ಬರುವ ತನಕ ಹುರಿದು ಪುಡಿ ಮಾಡಬೇಕು. ಹುರುಳಿ ಬೇಯಿಸಿದ ನೀರನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಸುಟ್ಟ ಟೊಮೆಟೊ ಹಿಸುಕಿ, ಆ ಪುಡಿ ಉದುರಿಸಿದರೆ ಬಾಡಿನ ರುಚಿಗೆ ಹತ್ತಿರ ಬರುತ್ತದೆ. ವಾಸನೆಯೂ ಬರುತ್ತದೆ. ಅದನ್ನು ನಾನು ಯೋಚಿಸಲಿಲ್ಲ.

ಆವತ್ತು ಸಾರಿಗೆ ಪುಡಿ ಹಾಕಿ ತಿರುಗಿದರೆ ಬಾಗಿಲಲ್ಲಿ ಒಡತಿ.

"ಏನಜ್ಜಿ, ಮೀನಾ?"

"ಮೀನಲ್ಲ ಕಣವ್ವ, ಅಣಬೆ."

"ನಮಗೂ ಮೂಗಿದೆ. ಮೆಟ್ಲು ತನಕ ಬಂದಿದೆ ವಾಸ್ನೆ."

"ಮೀನು ತಿಂದಿಲ್ದೋರ್ಗೆ ಮೀನಿನ ವಾಸ್ನೆ ಎಂಗ್ ಗೊತ್ತಾದದು?"

ಅವಳ ಮುಖ ಕೆಂಪಾಯಿತು. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಮಗ ಅವಳ ಹಿಂದೆ ಬಂದು ನಿಂತ. ಸೊಸೆ ಗೋಡೆ ಹಿಡಿದು ಎದ್ದಳು. ಆ ಹೊಟ್ಟೆ ನೋಡಿ ಒಡತಿಯ ದನಿ ಸ್ವಲ್ಪ ಇಳಿಯಿತು.

"ಮಾಡಿದ್ದು ತಪ್ಪಾಯ್ತು ಅಂತ ಒಪ್ಕೊಳ್ಳಿ ಅಜ್ಜಿ. ಇದೊಂದ್ಸಲ ಬಿಡ್ತೀನಿ."

"ತಪ್ಪಾಯ್ತು ಅಂತ ಏಳ್ಬುಡವ್ವ," ಎಂದ ಮಗ, ದನಿ ತಗ್ಗಿಸಿ. "ಇಂಥ ಒತ್ನಲ್ಲಿ ಎಲ್ಲಿ ಮನೆ ಉಡುಕ್ಲಿ?"

"ಮಾಡಿದ್ರೆ ಏಳ್ತಿದ್ದೆ. ಮಾಡ್ದೆ ಇರೋದ್ನ ಎಂಗ್ಲಾ ಒಪ್ಕಳಾದು?"

ಸಾರನ್ನು ಲೋಟಕ್ಕೆ ಬಿಟ್ಟು ಒಡತಿಯ ಮುಂದೆ ಹಿಡಿದೆ. "ಕುಡ್ದು ನೋಡವ್ವ. ಒಂದು ಮುಳ್ಳು ಸಿಕ್ರೆ ಈಗ್ಲೇ ಗಂಟು ಕಟ್ತೀನಿ."

ಅವಳು ಲೋಟ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ತನ್ನ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ನಮ್ಮ ಮನೆಯಲ್ಲಿ ಅವಳು ನೀರೂ ಕುಡಿದವಳಲ್ಲ. ಲೋಟ ಬೆರಳು ಸುಡುತ್ತಿತ್ತು. ನಾನು ಇಳಿಸಲಿಲ್ಲ.

"ಈ ವಾರದೊಳಗೆ ಖಾಲಿ ಮಾಡಿ," ಎಂದು ಮಗನಿಗೆ ಹೇಳಿ ಮೆಟ್ಟಿಲು ಹತ್ತಿದಳು.

ಮಗ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತುಬಿಟ್ಟ. ಸೊಸೆ ನನ್ನ ಕೈಯಿಂದ ಲೋಟ ಇಸಿದುಕೊಂಡು ಕುಡಿದಳು. ಮುದ್ದೆ ಕೇಳಿದಳು, ಇಡೀ ಮುದ್ದೆ ಉಂಡಳು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಬೀದಿಗೆ ಹೋದೆ. ಬೀಗ ಹಾಕಿದ ಬಾಡಿಗೆ ಮನೆಯೊಂದಿತ್ತು. ಪಕ್ಕದ ಬಾಗಿಲು ತಟ್ಟಿದೆ. ಎರಡೂ ಮನೆಗಳ ಯಜಮಾನಿ ಬಂದಳು. ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ, ನಾವು ಯಾರು, ಒಲೆಯ ಮೇಲೆ ಏನೇನು ಬೇಯಿಸುತ್ತೇವೆ ಎಂದು ಎಲ್ಲಾ ಹೇಳಿ, ಉತ್ತರಕ್ಕೆ ಕಾಯುತ್ತಾ ಅಲ್ಲೇ ಜಗುಲಿಯ ಮೇಲೆ ಕೂತೆ.