ಬೆಳ್ಳಟ್ಟಿಯ ಮೇಲಿಂದ ಹೋದ ಮಾತು

ದೆವ್ವ, ಗಾಳಿ ಸೋಂಕು, ಸತ್ತವರ ಸುಳಿವು ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಬೆಟಗೇರಿಯಲ್ಲಿ ಟಿ.ವಿ., ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷಗಳಾದವು. ತಾನಾಗಿ ಹೊತ್ತಿಕೊಳ್ಳುತ್ತದೆ, ತಾನಾಗಿ ಆರುತ್ತದೆ ಎಂದು ಜನ ಗಾಬರಿಯಿಂದ ತಂದಿಟ್ಟ ಎಷ್ಟೋ ಟಿ.ವಿ.ಗಳನ್ನು ಬಿಚ್ಚಿ, ಒಳಗಿನ ಬಿರುಕು ಬಿಟ್ಟ ಬೆಸುಗೆಯನ್ನೋ ಸುಟ್ಟು ಅಂಟಿಕೊಂಡ ಹಲ್ಲಿಯನ್ನೋ ತೋರಿಸಿ ಕಳಿಸಿದ್ದೇನೆ. ಹೀಗಾಗಿ ಈಗ ಬರೆಯುತ್ತಿರುವುದನ್ನು ಓದಿ ಯಾರಾದರೂ ನಕ್ಕರೆ ನನ್ನದೇನೂ ತಕರಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನನಗೊಂದು ಹುಚ್ಚು ಇದೆ, ಹವ್ಯಾಸಿ ರೇಡಿಯೊ. ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದು ಮಾಡುವ ಹವ್ಯಾಸ. ಇದರಲ್ಲಿ ಮೈಕು ಹಿಡಿದು ಮಾತಾಡುವುದಷ್ಟೇ ಅಲ್ಲ, ಕಂಪ್ಯೂಟರಿನಲ್ಲಿ ಬರೆದ ಅಕ್ಷರಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ರೇಡಿಯೊ ಅಲೆಯ ಮೇಲೆ ಕಳಿಸಬಹುದು. ಅದಕ್ಕೆ ಪ್ಯಾಕೆಟ್ ರೇಡಿಯೊ ಎನ್ನುತ್ತೇವೆ. ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ. ದೂರದ ಊರಿಗೆ ನೇರ ಮುಟ್ಟದಿದ್ದರೆ ನಡುವಿನ ಕೇಂದ್ರವೊಂದು ಇಸಿದುಕೊಂಡು ಮುಂದಕ್ಕೆ ದಾಟಿಸುತ್ತದೆ. ಯಾವ ಊರಿಗೆ ಯಾರ ಕೈಯಿಂದ ದಾಟಿಸಬೇಕು ಎಂಬ ದಾರಿಪಟ್ಟಿ ಪ್ರತಿ ಕೇಂದ್ರದ ಕಂಪ್ಯೂಟರಿನಲ್ಲೂ ಇರುತ್ತದೆ. ಒಂದೊಂದು ದಾರಿಗೂ ನಾವು ಅಂಕ ಕೊಡುತ್ತೇವೆ. ಅಂಕ ಹೆಚ್ಚಿದ್ದ ದಾರಿ ಹಿಡಿದು ಮಾತು ಹೋಗುತ್ತದೆ, ಸೊನ್ನೆ ಕೊಟ್ಟರೆ ಆ ಕಡೆ ಹೊರಳಿಯೂ ನೋಡುವುದಿಲ್ಲ. ಈ ಅಂಕ ಕೊಡುವ, ದಾರಿ ತಿದ್ದುವ ಆಜ್ಞೆಗಳನ್ನು ಬರೆಯುವ ಕೆಲಸ ನಮ್ಮ ಗುಂಪಿನಲ್ಲಿ ನನ್ನದು.

ಗುಂಪು ಎಂದರೆ ನಾಲ್ಕು ಜನ. ಬೆಟಗೇರಿಯಲ್ಲಿ ನಾನು. ಲಕ್ಷ್ಮೇಶ್ವರದಲ್ಲಿ ಔಷಧಿ ಅಂಗಡಿಯವರೊಬ್ಬರು. ಮುಂಡರಗಿಯಲ್ಲಿ ಶಂಕ್ರಪ್ಪ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ಮಾಬುಸಾಬರು. ಎಲ್ಲರಿಗಿಂತ ಹಿರಿಯರು ಅವರೇ. ಹಡಗಿನ ಮೇಲೆ ವೈರ್‌ಲೆಸ್ ಆಪರೇಟರ್ ಆಗಿ ಮೂವತ್ತು ವರ್ಷ ಸಮುದ್ರ ಸುತ್ತಿ, ಊರಿಗೆ ಮರಳಿ ಶೇಂಗಾ, ಹೆಸರು ಬೆಳೆದುಕೊಂಡಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗೆ ಈ ವಿದ್ಯೆಯ ಮೊದಲ ಅಕ್ಷರ ಕಲಿಸಿದವರೂ ಅವರೇ.

ಮೊದಮೊದಲು ನಮ್ಮ ಮಾತೆಲ್ಲ ಬೆಳ್ಳಟ್ಟಿಯ ಮೇಲಿಂದಲೇ ಹೋಗುತ್ತಿತ್ತು. ಆದರೆ ಕಾಕಾನ ಯಂತ್ರ ಹಳೆಯದು. ನಿಧಾನ, ಒಮ್ಮೊಮ್ಮೆ ನಡುವೆಯೇ ಸ್ತಬ್ಧ. ನಾಲ್ಕು ವರ್ಷದ ಹಿಂದೆ ಶಂಕ್ರಪ್ಪನವರು ಮುಂಡರಗಿ ಕಡೆಯ ಗುಡ್ಡದ ಓರೆಯಲ್ಲಿದ್ದ ತಮ್ಮ ಮಾವನ ಹೊಲದಲ್ಲಿ ನಲವತ್ತು ಅಡಿಯ ಕಬ್ಬಿಣದ ಕಂಬ ನಿಲ್ಲಿಸಿ ಹೊಸ ಕೇಂದ್ರ ಮಾಡಿದರು. ಅವತ್ತೇ ನಾನು ಗುಡ್ಡದ ದಾರಿಗೆ ಪೂರ್ತಿ ಅಂಕ ಕೊಟ್ಟು, ಬೆಳ್ಳಟ್ಟಿಯ ಮುಂದೆ ಸೊನ್ನೆ ಬರೆದೆ. ಲಕ್ಷ್ಮೇಶ್ವರದವರಿಗೂ ಹಾಗೇ ಮಾಡಲು ಹೇಳಿದೆ. ಕಾಕಾಗೆ ಮಾತ್ರ ಹೇಳಲಿಲ್ಲ. ಬೇಸರ ಮಾಡಿಕೊಂಡಾರು ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಹೇಳುವ ಧೈರ್ಯವಿರಲಿಲ್ಲ.

ಒಂದು ವಾರದ ಮೇಲೆ ಅವರೇ ಮೈಕಿನಲ್ಲಿ ಕರೆದರು.

"ಏನ ತಮ್ಮಾ, ಒಂದ ವಾರ ಆತು. ನಮ್ಮ ಹಾದಿ ಹಿಡದು ಯಾರೂ ಹೊಂಟಿಲ್ಲಲ್ಲ."

"ಹವಾ ಸರಿ ಇಲ್ರಿ ಕಾಕಾ" ಎಂದೆ. "ಸಿಗ್ನಲ್ ನಿಲ್ಲವಲ್ದು."

"ಹಂಗೇನ? ಇರ್ಲಿ ಬಿಡು" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಎರಡು ತಿಂಗಳಿಗೆ ಅವರು ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ ಕಟ್ಟೆಯ ಮೇಲೆ ಕೂತವರು ಕೂತಲ್ಲೇ ವಾಲಿದರಂತೆ. ಮಣ್ಣಿಗೆ ಹೋಗಿ ಬಂದ ಮೇಲೆ ಪಟ್ಟಿಯಿಂದ ಅವರ ಕೇಂದ್ರದ ಹೆಸರನ್ನು ಪೂರ್ತಿ ಅಳಿಸಿದೆ. ಅವರ ಮಗಳು ಹಸೀನಾ, ಹೊಲಿಗೆ ಮಾಡಿಕೊಂಡು ಅದೇ ಮನೆಯಲ್ಲಿರುವವಳು, "ಇಲ್ಲೇ ಇದ್ದರ ಇಲಿ ಕಡದಾವ್ರಿ ಅಣ್ಣಾರ, ನಿಮ್ಮ ಹತ್ರ ಇರ್ಲಿ" ಎಂದು ಯಂತ್ರವನ್ನೂ ರೇಡಿಯೊವನ್ನೂ ನನಗೇ ಕೊಟ್ಟಳು. ತಂದು ಅಂಗಡಿಯ ಮೇಲಿನ ಹಲಗೆಯ ಮೇಲೆ ಬಟ್ಟೆ ಮುಚ್ಚಿ ಇಟ್ಟೆ. ಬ್ಯಾಟರಿ ಕೆಟ್ಟಿತ್ತು, ಅದನ್ನು ಗುಜರಿಗೆ ಹಾಕಿದೆ.

ಇಷ್ಟು ಹಿನ್ನೆಲೆ. ಇನ್ನು ಆ ದಿನದ ಮಾತು. ಕಾಕಾ ಹೋಗಿ ಒಂದು ವರ್ಷವಾಗಿತ್ತು.

ಆಷಾಢ. ನಮ್ಮ ಕಡೆ ಆಷಾಢದ ಗಾಳಿ ಎಂದರೆ ಬಾಗಿಲು ತೆರೆದರೆ ಕ್ಯಾಲೆಂಡರ್ ಗೋಡೆ ಬಿಟ್ಟು ಹಾರುತ್ತದೆ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಮೊಬೈಲೂ ಸತ್ತಿತು. ಮರುದಿನ ನಾಗಾವಿಯಿಂದ ಕೆಲವು ವಿದ್ಯಾರ್ಥಿಗಳು ನಮ್ಮ ಕೇಂದ್ರ ನೋಡಲು ಬರುವವರಿದ್ದರು. ಅವರ ಮುಂದೆ ಎಲ್ಲ ಸರಿಯಾಗಿ ನಡೆಯಬೇಕೆಂಬ ಹಟ ನನಗೆ. ಅಂಥದರಲ್ಲಿ ಗುಡ್ಡದ ಕೇಂದ್ರ ಎರಡು ದಿನದಿಂದ ಬಿಟ್ಟು ಬಿಟ್ಟು ಕೇಳುತ್ತಿತ್ತು. ನೋಡಿ ಬರುತ್ತೇನೆಂದು ಶಂಕ್ರಪ್ಪನವರು ಲ್ಯಾಪ್‌ಟಾಪ್ ತೆಗೆದುಕೊಂಡು ಗುಡ್ಡಕ್ಕೆ ಹೋಗಿದ್ದರು. ನಾನು ಅಂಗಡಿಯಲ್ಲಿ ಬ್ಯಾಟರಿಯ ಮೇಲೆ ಯಂತ್ರ ನಡೆಸುತ್ತ ಕೂತಿದ್ದೆ.

ಮೂರು ಗಂಟೆಯ ಸುಮಾರಿಗೆ, ನಾಲ್ಕಾರು ಸಲ ತಡವರಿಸಿದ ಮೇಲೆ, ಅವರ ಒಂದು ಸಾಲು ಬಂತು. ನಾವು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. "ಆಂಟೆನಾ ಗಾಳಿಗೆ ತಿರುಗೇತಿ. ಕಂಬ ಏರಿ ಸೀದಾ ಮಾಡ್ಲೇನ್ರಿ?"

ಹೊರಗೆ ತಗಡು ಬಡಿದುಕೊಳ್ಳುವ ಸಪ್ಪಳ ನನಗೆ ಕೇಳುತ್ತಲೇ ಇತ್ತು. ಇಂಥ ಗಾಳಿಯಲ್ಲಿ ನಲವತ್ತು ಅಡಿಯ ಕಂಬ ಹತ್ತಿಸುವುದು ಸರಿಯೇ ಎಂಬ ವಿಚಾರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಆದರೂ ಬರೆದೆ: "ಆತು, ಏರ್ರಿ."

ಆ ಸಾಲು ಹೋಗಲಿಲ್ಲ. ಯಂತ್ರ ಮತ್ತೆ ಮತ್ತೆ ಕಳಿಸಿತು, ಅತ್ತಲಿಂದ ಮುಟ್ಟಿದ ಗುರುತು ಬರಲಿಲ್ಲ. ಕೊನೆಗೆ ಸೋತು ನಿಂತಿತು. ಎಲ್ಲಿ ಕಡಿದಿದೆ ನೋಡೋಣ ಎಂದು ದಾರಿಪಟ್ಟಿ ತೋರಿಸುವ ಆಜ್ಞೆ ಹೊಡೆದೆ.

ಪಟ್ಟಿಯಲ್ಲಿ ಮೂರು ಹೆಸರು ಇರಬೇಕಿತ್ತು. ನಾಲ್ಕು ಇದ್ದವು. ನಾಲ್ಕನೆಯದು ಬೆಳ್ಳಟ್ಟಿ. ಕಾಕಾನ ಕರೆಸಂಕೇತ, ಲೈಸೆನ್ಸಿನ ಜೊತೆ ಅವರೊಬ್ಬರಿಗೇ ಕೊಟ್ಟ ಗುರುತು. ಅದರ ಮುಂದೆ ಸೊನ್ನೆಯಲ್ಲ, ಒಳ್ಳೆಯ ಅಂಕವೇ ಇತ್ತು.

ಮೊದಲು ನನಗೆ ಸಿಟ್ಟು ಬಂತು. ನಾನೇ ಸರಿಯಾಗಿ ಅಳಿಸಿಲ್ಲವೇನೋ ಎಂದುಕೊಂಡು ಆ ಹೆಸರು ತೆಗೆದುಹಾಕಿದೆ. ಪಟ್ಟಿ ಮತ್ತೆ ನೋಡಿದೆ, ಹೋಗಿತ್ತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಕರಕರ ಎಂದು ಒಂದು ಕಟ್ಟು ಬಂದು ಬಿತ್ತು. ಪಕ್ಕದ ಓಣಿಯಿಂದ ಬಂದಷ್ಟು ಸ್ಪಷ್ಟ, ಗಟ್ಟಿ. ನಡೆಯುತ್ತಿರುವ ಕೇಂದ್ರ ಆಗಾಗ ಹೀಗೆ ತನ್ನ ಹೆಸರು ಕೂಗುತ್ತದೆ, ಕೇಳಿದ ಯಂತ್ರ ಅದನ್ನು ತಾನಾಗಿ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಪಟ್ಟಿ ನೋಡಿದೆ. ಬೆಳ್ಳಟ್ಟಿ ಮತ್ತೆ ಬಂದು ಕೂತಿತ್ತು.

ನಾನು ಎದ್ದು ಹಲಗೆಯ ಮೇಲಿನ ಬಟ್ಟೆ ತೆಗೆದೆ. ಕಾಕಾನ ರೇಡಿಯೊ ಇಟ್ಟ ಹಾಗೆಯೇ ಇತ್ತು. ಬ್ಯಾಟರಿ ಇಲ್ಲ, ಆಂಟೆನಾದ ವೈರಿಲ್ಲ, ಮೇಲೆ ಬೆರಳು ಮೂಡುವಷ್ಟು ಧೂಳು. ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಹೊರಗೆ ಹಾಡಹಗಲು, ರಸ್ತೆಯಲ್ಲಿ ಯಾರದೋ ಟಂಟಂ ರಿಕ್ಷಾ ನಿಂತು ಹಾರ್ನ್ ಹೊಡೆಯುತ್ತಿತ್ತು. ಆದರೂ ಆ ಹಲಗೆಗೆ ಬೆನ್ನು ಮಾಡಿ ಕೂರಲು ನನಗೆ ಆಗಲಿಲ್ಲ. ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು ಕೂತೆ.

ಆಗ ಪರದೆಯ ಮೇಲೆ ನೋಡಿದರೆ, ನಿಂತಿದ್ದ ನನ್ನ ಸಾಲು ಹೋಗಿತ್ತು. ಯಂತ್ರ ತಾನಾಗಿ ಬೇರೆ ದಾರಿ ಹಿಡಿದು ಕಳಿಸಿತ್ತು: ಬೆಟಗೇರಿ, ಬೆಳ್ಳಟ್ಟಿ, ಗುಡ್ಡ. ಮುಟ್ಟಿದ ಗುರುತೂ ಬಂದಿತ್ತು.

ಅಂದರೆ ಶಂಕ್ರಪ್ಪನವರು ಈಗ ಕಂಬ ಏರುತ್ತಿದ್ದಾರೆ. ಹೊರಗೆ ತಗಡು ಇನ್ನೂ ಬಡಿದುಕೊಳ್ಳುತ್ತಿತ್ತು. "ಬ್ಯಾಡ್ರಿ, ಇಳೀರಿ" ಎಂದು ಬರೆದೆ. ಹೋಗಲಿಲ್ಲ. ಮತ್ತೆ ಬರೆದೆ. ಯಾವ ದಾರಿಯಿಂದಲೂ ಹೋಗಲಿಲ್ಲ. ಹೆಸರು ಪಟ್ಟಿಯಲ್ಲಿತ್ತು, ಆದರೆ ಬೆಳ್ಳಟ್ಟಿ ಮತ್ತೆ ಉತ್ತರ ಕೊಡಲೇ ಇಲ್ಲ. ಗುಡ್ಡಕ್ಕೆ ಹೊರಡೋಣ ಎಂದರೆ ಒಂದು ತಾಸಿನ ದಾರಿ, ನಡುವೆ ಸುದ್ದಿ ಬಂದರೆ ಯಂತ್ರದ ಮುಂದೆ ಯಾರೂ ಇರುವುದಿಲ್ಲ. ಆ ಎರಡೂವರೆ ತಾಸು ನಾನು ಹೇಗೆ ಕಳೆದೆ ಎಂದು ಬರೆಯಲು ಬರುವುದಿಲ್ಲ.

ಐದೂವರೆಗೆ ಶಂಕ್ರಪ್ಪನವರ ಬೈಕು ಅಂಗಡಿಯ ಮುಂದೆ ನಿಂತಿತು. ಮುಖದ ತುಂಬ ಕೆಂಪು ಧೂಳು. ಒಳಗೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಕಂಬ ಬಿತ್ತರಿ" ಎಂದರು. "ಬುಡಕ್ಕ ಮುರದು ಬಿತ್ತು. ನೀವು ಬ್ಯಾಡ ಅಂದಿರಿ, ಕೆಳಗ ಕುಂತೆ. ಹತ್ತು ನಿಮಿಷ ಆಗಿರಬೇಕು, ನನ್ನ ಕಣ್ಣ ಮುಂದನ ಬಿತ್ತು. ಏರಿದ್ದರ ಇವತ್ತ ನಾ ಇರ್ತಿದ್ದಿಲ್ಲ."

ಹಾಗಾದರೆ ನಾನು ಎರಡನೇ ಸಲ ಬರೆದ, ಇಳೀರಿ ಎಂಬ ಸಾಲು ಅವರಿಗೆ ಮುಟ್ಟಿತೇನೋ ಎಂದು ನನಗೆ ಜೀವ ಬಂದಂತಾಯಿತು. "ಯಾವುದು ಬಂತ್ರಿ ನಿಮಗ?" ಎಂದೆ.

ಅವರು ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಒಂದೇ ಸಾಲು ಬಂದಿತ್ತು. ಬೆಳ್ಳಟ್ಟಿಯ ಮೇಲಿಂದ. "ಆತು" ಎಂಬುದು ಇರಲಿಲ್ಲ. "ಏರಬ್ಯಾಡ್ರಿ." ಅಷ್ಟೇ.

ನನ್ನ ಯಂತ್ರದಲ್ಲಿ ಕಳಿಸಿದ್ದೆಲ್ಲ ದಾಖಲಾಗುತ್ತದೆ. ಅವರ ಮುಂದೆಯೇ ತೆಗೆದೆ. ಅದೇ ಹೊತ್ತು, ಅದೇ ನಿಮಿಷ. "ಆತು, ಏರ್ರಿ." ಶಂಕ್ರಪ್ಪನವರು ಎರಡು ಪರದೆಗಳನ್ನೂ ನೋಡಿದರು. ಕೈ ಬಿಟ್ಟು ಕುರ್ಚಿಯ ಮೇಲೆ ಕೂತರು.

"ಅಂದ್ರ ನೀವು ಏರ್ರಿ ಅಂದಿದ್ರಿ" ಎಂದರು.

"ಹೌದ್ರಿ" ಎಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಹೌದು ಎಂದದ್ದಿಲ್ಲ.

ಅವರು ಬಯ್ಯಲಿಲ್ಲ. ನನ್ನ ಹಿಂದಿನ ಪರದೆಯತ್ತ ಬೊಟ್ಟು ಮಾಡಿದರು. ದಾರಿಪಟ್ಟಿಯಲ್ಲಿ ಒಂದು ಹೆಸರು ಮತ್ತೆ ಕೇಳಿಸದಿದ್ದರೆ ಅದರ ಮುಂದಿನ ಆಯುಷ್ಯದ ಅಂಕಿ ಅರ್ಧ ತಾಸಿಗೊಮ್ಮೆ ಒಂದೊಂದೇ ಇಳಿಯುತ್ತದೆ, ಸೊನ್ನೆಗೆ ಬಂದರೆ ಹೆಸರು ತಾನಾಗಿ ಅಳಿಯುತ್ತದೆ. ಬೆಳ್ಳಟ್ಟಿಯ ಮುಂದೆ ಒಂದು ಉಳಿದಿತ್ತು.

"ಕೈಲೆ ಬರದು ಕಾಯಂ ಮಾಡಿ ಇಡೂಣೇನ್ರಿ?" ಎಂದರು ಶಂಕ್ರಪ್ಪ. ಅಂಥ ಆಜ್ಞೆಯೂ ಇದೆ. ಒಂದು ಸಾಲು ಬರೆದರೆ ಆ ಹೆಸರು ಎಂದಿಗೂ ಅಳಿಯುವುದಿಲ್ಲ.

ನಾನು ಬೆರಳು ಕೀಲಿಮಣೆಯ ಮೇಲಿಟ್ಟೆ. ಆಮೇಲೆ ತೆಗೆದೆ. "ಬ್ಯಾಡ್ರಿ" ಎಂದೆ. "ಅವರ ಪಾಡಿಗೆ ಅವರು ಇರ್ಲಿ." ಇಬ್ಬರೂ ಪರದೆ ನೋಡುತ್ತ ಕೂತೆವು. ಆರು ಗಂಟೆಗೆ ಹೆಸರು ಹೋಯಿತು. ಆಮೇಲೆ ಇವತ್ತಿನವರೆಗೂ ಬಂದಿಲ್ಲ.

ಮರುದಿನ ವಿದ್ಯಾರ್ಥಿಗಳಿಗೆ ಬರಬೇಡಿ ಎಂದು ಹೇಳಿ, ಬೆಳ್ಳಟ್ಟಿಗೆ ಹೋದೆ. ಹಸೀನಾ ಪಡಸಾಲೆಯಲ್ಲಿ ಹೊಲಿಯುತ್ತಿದ್ದಳು. ಕಾಕಾನ ಖೋಲಿ ತೋರಿಸು ಎಂದೆ. ಅಲ್ಲಿ ಈಗ ಶೇಂಗಾ ಚೀಲ ಒಟ್ಟಿದ್ದರು. ಮಾಳಿಗೆಯ ಮೇಲೆ ಅವರು ಆಂಟೆನಾ ಕಟ್ಟಿದ್ದ ಬಿದಿರು ಇತ್ತು, ಆಂಟೆನಾದ ವೈರು ನಾನೇ ಕತ್ತರಿಸಿದ ಜಾಗದಲ್ಲಿ ತುಂಡಾಗಿ ಜೋತಾಡುತ್ತಿತ್ತು. ನಿನ್ನೆ ಮೂರು ಗಂಟೆಗೆ ಏನಾದರೂ ಸಪ್ಪಳ ಕೇಳಿತೇ ಎಂದು ವಿಚಾರಿಸಿದೆ.

"ಇಲ್ರಿ ಅಣ್ಣಾರ. ನಾ ಇಲ್ಲೇ ಕುಂತಿದ್ದೆ. ಗಾಳಿ ಬಿಟ್ಟರ ಏನೂ ಇಲ್ಲ" ಎಂದಳು. ಯಾಕೆ ಎಂದು ಕೇಳಲಿಲ್ಲ. ಚಹಾ ತಂದುಕೊಟ್ಟು, ಸೂಜಿಗೆ ದಾರ ಪೋಣಿಸುತ್ತ ತಾನಾಗಿಯೇ ಹೇಳಿದಳು: "ನೀವು ಹಾದಿ ಮುಚ್ಚಿದ್ದು ಅಬ್ಬಾಗ ಗೊತ್ತಿತ್ತರಿ. 'ತಮ್ಮ ನನ್ನ ತಗದಾನ, ಹೇಳಾಕ ಅಂಜ್ಯಾನ' ಅಂತ ನಗತಿದ್ದರು. ಮಷೀನ ಮಾತ್ರ ಕಡೀತನಕ ಬಂದ್ ಮಾಡಲಿಲ್ಲ. ಒಂದಿನ ಬೇಕಾಗತೈತಿ ಅಂತಿದ್ದರು."

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ಆಮೇಲೆ ನಾನು ಎಲ್ಲ ಬಗೆಯಿಂದಲೂ ವಿಚಾರ ಮಾಡಿದ್ದೇನೆ. ಗುಡ್ಡದ ಯಂತ್ರದ ನೆನಪಿನಲ್ಲಿ ಹಳೆಯ ಹೆಸರು ಉಳಿದು ನನ್ನ ಪಟ್ಟಿಗೆ ಹರಿದು ಬಂದಿರಬಹುದು. ಹಾಗಾಗುವುದುಂಟು. ಆದರೆ ಬರೀ ಹೆಸರು ಮಾತನ್ನು ದಾಟಿಸಲಾರದು. ಬೇರೆ ಯಾರೋ ಅವರ ಕರೆಸಂಕೇತ ಬಳಸಿರಬಹುದು. ಆ ಸುತ್ತಿನಲ್ಲಿ ಅಂಥ ಯಂತ್ರ ಇರುವವರು ಬೇರೆ ಯಾರೂ ಇಲ್ಲ. ಗಾಳಿಯಲ್ಲಿ ಅಕ್ಷರ ಕೆಟ್ಟಿರಬಹುದು ಎನ್ನೋಣವೆಂದರೆ, ಪ್ರತಿ ಕಟ್ಟಿನ ಬಾಲಕ್ಕೂ ಒಂದು ಲೆಕ್ಕದ ಗುರುತು ಇರುತ್ತದೆ. ಒಂದಕ್ಷರ ಬದಲಾದರೂ ಯಂತ್ರ ಆ ಕಟ್ಟನ್ನು ಎಸೆಯುತ್ತದೆ. ಕೆಟ್ಟ ಅಕ್ಷರಗಳು ಕೂಡಿ ಹೀಗೆ ಅರ್ಥವಾಗುವ ಮಾತಾಗುವುದನ್ನು ನಾನಂತೂ ಕಂಡಿಲ್ಲ. ಶಂಕ್ರಪ್ಪನವರು ತಮಾಷೆಗೆ ಹೀಗೆ ಮಾಡುವವರಲ್ಲ. ತಮ್ಮ ಶಿಷ್ಯರಿಗೆ ಇದನ್ನು ಹೇಳಲು ಅವರಿಗೆ ಇಂದಿಗೂ ಬಾಯಿ ಬರುವುದಿಲ್ಲ.

ದೆವ್ವ ಇದೆ ಎಂದು ನಾನು ಈಗಲೂ ಹೇಳಲಾರೆ. ಇಲ್ಲ ಎಂದು ಮೊದಲಿನಂತೆ ಗಟ್ಟಿಯಾಗಿ ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ.

ಗುಡ್ಡದಲ್ಲಿ ಈಗ ಬೇರೆ ಕಂಬ ನಿಂತಿದೆ. ವರ್ಷಕ್ಕೊಮ್ಮೆ ಆಂಟೆನಾ ನೋಡಲು ಶಂಕ್ರಪ್ಪನವರು ಏರಲೇಬೇಕು. ಏರುವ ಮೊದಲು ಅವರು ನನ್ನನ್ನು ಮೈಕಿನಲ್ಲಿ ಕರೆಯುತ್ತಾರೆ. "ಟೈಪ್ ಮಾಡಬ್ಯಾಡ್ರಿ, ಬಾಯಿಲೆ ಹೇಳ್ರಿ" ಎನ್ನುತ್ತಾರೆ. ನಾನು ಗಾಳಿ ನೋಡಿ, ಎರಡು ಸಲ ವಿಚಾರ ಮಾಡಿ, ಏರ್ರಿ ಎನ್ನುತ್ತೇನೆ. ಅವರು ಕೂಡಲೇ ಏರುವುದಿಲ್ಲ. ಬುಡದಲ್ಲಿ ಒಂದು ಹತ್ತು ನಿಮಿಷ ಸುಮ್ಮನೆ ಕೂತಿರುತ್ತಾರೆ. ಯಾಕೆ ಕೂತಿದ್ದೀರಿ ಎಂದು ನಾನು ಕೇಳಿಲ್ಲ. ಆ ಹತ್ತು ನಿಮಿಷ ನಾನೂ ಇಲ್ಲಿ ಕಿವಿ ಕೊಟ್ಟು ಕೂತಿರುತ್ತೇನೆ.